ನಿಷ್ಕಾಸ ಅನಿಲದ ಸಾಕ್ಷ್ಯ: ಆಮ್ಲಜನಕ ಸಂವೇದಕವೂ ಮೋಟಾರು ಇಂಧನದ ಮರುಹೊಂದಾಣಿಕೆಯೂ

೧. ವಿಷಯ ಪ್ರವೇಶ

ಪೆಟ್ರೋಲಿನಿಂದ ನಡೆಯುವ ಇಂದಿನ ಮೋಟಾರು ಕಾರಿನ ನಿಷ್ಕಾಸ ನಳಿಗೆಯಲ್ಲಿ, ಎಂಜಿನ್ನಿಗೆ ಸಮೀಪವಾಗಿ, ಹೆಬ್ಬೆರಳಿನ ಗಾತ್ರದ ಒಂದು ಉಪಕರಣವನ್ನು ತಿರುಪಿನಿಂದ ಕೂಡಿಸಿರುತ್ತಾರೆ. ಇದಕ್ಕೆ ಆಮ್ಲಜನಕ ಸಂವೇದಕವೆಂದು ಹೆಸರು. ಎಂಜಿನ್ನಿನಿಂದ ಹೊರಬೀಳುವ ಅನಿಲದಲ್ಲಿ ಆಮ್ಲಜನಕ ಉಳಿದಿದೆಯೋ ಇಲ್ಲವೋ ಎಂಬುದನ್ನು ಇದು ಒಂದು ವೋಲ್ಟಿಗೂ ಕಡಿಮೆಯಾದ ವಿದ್ಯುತ್ ಸಂಕೇತದ ಮೂಲಕ ವಾಹನದ ಗಣಕಕ್ಕೆ ತಿಳಿಸುತ್ತದೆ. ಗಣಕವು ಆ ಸಂಕೇತವನ್ನು ನೋಡಿ, ಮುಂದಿನ ಸುತ್ತುಗಳಲ್ಲಿ ಸಿಂಪಡಿಸಬೇಕಾದ ಇಂಧನವನ್ನು ಹೆಚ್ಚಿಸುತ್ತದೆ ಅಥವಾ ತಗ್ಗಿಸುತ್ತದೆ.

ಕಾರ್ಖಾನೆಯಿಂದ ಹೊರಬಂದ ವಾಹನದ ಇಂಧನ ಪ್ರಮಾಣವನ್ನು ತಮ್ಮ ಇಷ್ಟಕ್ಕೆ ತಕ್ಕಂತೆ ಬದಲಿಸಿಕೊಳ್ಳುವ ಒಂದು ಉದ್ಯೋಗವೂ ಇದರ ಜೊತೆಯಲ್ಲಿಯೇ ಬೆಳೆದಿದೆ. ಟ್ಯೂನಿಂಗ್ ಎಂದು ಅದನ್ನು ಕರೆಯುತ್ತಾರೆ. ಕೆಲವರಿಗೆ ಹೆಚ್ಚಿನ ಶಕ್ತಿ ಬೇಕು; ಕೆಲವರಿಗೆ ಲೀಟರಿಗೆ ಹೆಚ್ಚಿನ ದೂರ ಬೇಕು. ಈ ಎರಡು ಬಗೆಯವರೂ ಒಂದಲ್ಲ ಒಂದು ಹಂತದಲ್ಲಿ ಆಮ್ಲಜನಕ ಸಂವೇದಕದ ಸಂಕೇತಕ್ಕೆ ಕೈಹಾಕುತ್ತಾರೆ. ಸಂವೇದಕವು ಹೇಳುವುದು ಏನನ್ನು, ಹೇಳದೆ ಇರುವುದು ಏನನ್ನು, ಅದರ ಮಾತನ್ನು ತಿರುಚಿದರೆ ಆಗುವುದೇನು ಎಂಬ ಮೂರು ಪ್ರಶ್ನೆಗಳನ್ನು ಭೌತರಸಾಯನದ ದೃಷ್ಟಿಯಿಂದ ವಿಚಾರಮಾಡುವುದು ಈ ಲೇಖನದ ಉದ್ದೇಶ. ಪದವಿ ತರಗತಿಗಳಲ್ಲಿ ಬೋಧಿಸುವ ನೆರ್ನ್‌ಸ್ಟ್ ಸಮೀಕರಣವೊಂದನ್ನು ಬಲ್ಲವರು ಈ ಪ್ರಶ್ನೆಗಳಿಗೆ ಬಹುಮಟ್ಟಿಗೆ ತಾವೇ ಉತ್ತರ ಕಂಡುಕೊಳ್ಳಬಹುದು.

೨. ಮಿಶ್ರಣದ ಲೆಕ್ಕ

ಇಂಧನವು ಪೂರ್ಣವಾಗಿ ಉರಿಯಲು ಎಷ್ಟು ವಾಯು ಬೇಕೆಂಬುದು ಸರಳವಾದ ಲೆಕ್ಕ. ಪೆಟ್ರೋಲಿನ ಪ್ರತಿನಿಧಿಯಾಗಿ ಐಸೋ-ಆಕ್ಟೇನನ್ನು ತೆಗೆದುಕೊಳ್ಳೋಣ. ಅದರ ಒಂದು ಅಣುವಿನಲ್ಲಿ ೮ ಇಂಗಾಲದ ಪರಮಾಣುಗಳೂ ೧೮ ಜಲಜನಕದ ಪರಮಾಣುಗಳೂ ಇವೆ. ಇಂಗಾಲವೆಲ್ಲ ಡೈಆಕ್ಸೈಡಾಗಿ, ಜಲಜನಕವೆಲ್ಲ ನೀರಾಗಿ ಮಾರ್ಪಡಲು ಹನ್ನೆರಡೂವರೆ ಆಮ್ಲಜನಕದ ಅಣುಗಳು ಬೇಕು. ಅಂದರೆ ೧೧೪ ಗ್ರಾಂ ಇಂಧನಕ್ಕೆ ೪೦೦ ಗ್ರಾಂ ಆಮ್ಲಜನಕ. ವಾಯುವಿನ ತೂಕದಲ್ಲಿ ಆಮ್ಲಜನಕದ ಪಾಲು ಶೇಕಡ ೨೩.೨ ಆದುದರಿಂದ ೧,೭೨೪ ಗ್ರಾಂ ವಾಯು ಬೇಕಾಗುತ್ತದೆ. ಒಂದು ಪಾಲು ಇಂಧನಕ್ಕೆ ೧೫.೧ ಪಾಲು ವಾಯು ಎಂದಾಯಿತು. ಮಾರಾಟದ ಪೆಟ್ರೋಲಿನಲ್ಲಿ ಇಂಗಾಲದ ಅಂಶ ಹೆಚ್ಚಾಗಿರುವ ಬೇರೆ ಸಂಯುಕ್ತಗಳೂ ಸೇರಿರುವುದರಿಂದ ಈ ಪ್ರಮಾಣವು ಸ್ವಲ್ಪ ತಗ್ಗಿ ೧೪.೭ರ ಸಮೀಪಕ್ಕೆ ಬರುತ್ತದೆ.

ಈ ಪ್ರಮಾಣದ ಮಿಶ್ರಣವನ್ನು ಸಮತುಲಿತ ಮಿಶ್ರಣವೆನ್ನೋಣ. ಎಂಜಿನ್ನಿಗೆ ವಾಸ್ತವವಾಗಿ ಒದಗಿದ ವಾಯುವನ್ನು ಸಮತುಲಿತ ಮಿಶ್ರಣಕ್ಕೆ ಬೇಕಾದ ವಾಯುವಿನಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಲ್ಯಾಮ್ಡಾ ಎಂಬ ಗ್ರೀಕ್ ಅಕ್ಷರವನ್ನು ಸಂಕೇತವಾಗಿ ಇಟ್ಟಿದ್ದಾರೆ. ಲ್ಯಾಮ್ಡಾ ೧ ಆದರೆ ಮಿಶ್ರಣ ಸಮತುಲಿತ. ೧ಕ್ಕಿಂತ ಕಡಿಮೆಯಾದರೆ ಇಂಧನ ಹೆಚ್ಚಾದ ಪುಷ್ಟ ಮಿಶ್ರಣ. ೧ಕ್ಕಿಂತ ಹೆಚ್ಚಾದರೆ ವಾಯು ಹೆಚ್ಚಾದ ಕೃಶ ಮಿಶ್ರಣ. ಪೆಟ್ರೋಲ್ ಎಂಜಿನ್ನು ಅತ್ಯಧಿಕ ಶಕ್ತಿಯನ್ನು ಕೊಡುವುದು ಲ್ಯಾಮ್ಡಾ ೦.೮೫ರಿಂದ ೦.೯ರವರೆಗಿನ ಪುಷ್ಟ ಮಿಶ್ರಣದಲ್ಲಿ. ಇಂಧನದ ಮಿತವ್ಯಯ ಉತ್ತಮವಾಗಿರುವುದು ೧.೦೫ರ ಆಸುಪಾಸಿನ ಕೃಶ ಮಿಶ್ರಣದಲ್ಲಿ. ಹೀಗಿರುವಾಗ ಕಾರ್ಖಾನೆಯವರು ಈ ಎರಡನ್ನೂ ಬಿಟ್ಟು ಸರಿಯಾಗಿ ೧ನ್ನೇ ಹಿಡಿದು ಕೂಡುವುದೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಅದಕ್ಕೆ ಉತ್ತರ ಎಂಜಿನ್ನಿನೊಳಗೆ ಇಲ್ಲ, ನಗರದ ಗಾಳಿಯಲ್ಲಿದೆ.

೩. ಗೊಟ್ಟಿಂಗೆನ್ನಿನ ದೀಪದಿಂದ ಕ್ಯಾಲಿಫೋರ್ನಿಯದ ಕಾರಿನವರೆಗೆ

ಅಮೆರಿಕದ ಲಾಸ್ ಏಂಜಲಿಸ್ ನಗರವನ್ನು ಕವಿಯುತ್ತಿದ್ದ, ಕಣ್ಣು ಉರಿಸುವ ಮಬ್ಬಿಗೆ ಕಾರಣವೇನೆಂಬುದನ್ನು ೧೯೫೦ರ ದಶಕದ ಆದಿಯಲ್ಲಿ ಕ್ಯಾಲಿಫೋರ್ನಿಯ ತಂತ್ರವಿದ್ಯಾ ಸಂಸ್ಥೆಯ ಹಾಗೆನ್-ಸ್ಮಿಟ್ ಅವರು ತೋರಿಸಿಕೊಟ್ಟರು. ಉರಿಯದೆ ಉಳಿದ ಹೈಡ್ರೊಕಾರ್ಬನ್ನುಗಳೂ ಸಾರಜನಕದ ಆಕ್ಸೈಡುಗಳೂ ಬಿಸಿಲಿನಲ್ಲಿ ವರ್ತಿಸಿ ಓಜೋನ್ ಮೊದಲಾದ ಪದಾರ್ಥಗಳನ್ನು ಉಂಟುಮಾಡುತ್ತವೆ. ಇವೆರಡಕ್ಕೂ ಮುಖ್ಯ ಮೂಲ ಮೋಟಾರು ವಾಹನ. ೧೯೭೦ರಲ್ಲಿ ಅಮೆರಿಕದ ಶುದ್ಧ ವಾಯು ಕಾಯಿದೆಯು ಈ ಅನಿಲಗಳನ್ನು ಶೇಕಡ ೯೦ರಷ್ಟು ತಗ್ಗಿಸಬೇಕೆಂದು ವಿಧಿಸಿತು. ಪ್ಲಾಟಿನಂ, ರೋಡಿಯಂ ಮುಂತಾದ ಲೋಹಗಳ ಕ್ರಿಯಾವರ್ಧಕವು ಇಂಗಾಲದ ಮಾನಾಕ್ಸೈಡನ್ನೂ ಹೈಡ್ರೊಕಾರ್ಬನ್ನುಗಳನ್ನೂ ಉರಿಸಬಲ್ಲದು; ಸಾರಜನಕದ ಆಕ್ಸೈಡಿನಿಂದ ಆಮ್ಲಜನಕವನ್ನು ಕಿತ್ತುಕೊಳ್ಳಲೂ ಬಲ್ಲದು. ಆದರೆ ಮೊದಲನೆಯದಕ್ಕೆ ಆಮ್ಲಜನಕ ಬೇಕು, ಎರಡನೆಯದಕ್ಕೆ ಆಮ್ಲಜನಕ ಇರಬಾರದು. ಎರಡೂ ಕಾರ್ಯಗಳು ಒಟ್ಟಿಗೆ ನಡೆಯುವುದು ಲ್ಯಾಮ್ಡಾ ೧ರ ಸುತ್ತಮುತ್ತ ಶೇಕಡ ಒಂದರಷ್ಟು ಇಕ್ಕಟ್ಟಾದ ಒಂದು ಕಿಂಡಿಯಲ್ಲಿ ಮಾತ್ರ. ಕಾರ್ಬ್ಯುರೇಟರಿನಿಂದ ಅಂಥ ನಿಖರತೆಯನ್ನು ಬಯಸುವಂತಿರಲಿಲ್ಲ. ಫಲವನ್ನು ನೋಡಿ ಕಾರಣವನ್ನು ತಿದ್ದುವ ಒಂದು ಕಣ್ಣು ಬೇಕಾಗಿತ್ತು.

ಆ ಕಣ್ಣಿನ ಬೀಜ ಅದಕ್ಕೂ ಮುಕ್ಕಾಲು ಶತಮಾನದ ಹಿಂದೆ ಜರ್ಮನಿಯಲ್ಲಿ ಬಿದ್ದಿತ್ತು. ಗೊಟ್ಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿದ್ದ ವಾಲ್ಟರ್ ನೆರ್ನ್‌ಸ್ಟ್ ೧೮೯೦ರ ದಶಕದ ಕೊನೆಯಲ್ಲಿ ಜಿರ್ಕೋನಿಯಂ ಆಕ್ಸೈಡಿಗೆ ಯಿಟ್ರಿಯಂ ಆಕ್ಸೈಡನ್ನು ಬೆರೆಸಿ ಮಾಡಿದ ಕಡ್ಡಿಯು ತಣ್ಣಗಿರುವಾಗ ವಿದ್ಯುತ್ತನ್ನು ಹರಿಯಗೊಡದೆ, ಚೆನ್ನಾಗಿ ಕಾದಾಗ ಹರಿಯಗೊಡುತ್ತದೆಂಬುದನ್ನು ಕಂಡು, ಅದರಿಂದ ಒಂದು ದೀಪವನ್ನು ರಚಿಸಿದನು. ಟಂಗ್‌ಸ್ಟನ್ ತಂತಿಯ ದೀಪ ಬಂದ ಮೇಲೆ ಆ ದೀಪ ಮೂಲೆಗೆ ಸೇರಿತು. ಕಡ್ಡಿಯಲ್ಲಿ ಹರಿಯುವುದು ಇಲೆಕ್ಟ್ರಾನುಗಳಲ್ಲ, ಆಮ್ಲಜನಕದ ಅಯಾನುಗಳು ಎಂಬ ವಿವರಣೆಯನ್ನು ೧೯೪೩ರಲ್ಲಿ ಕಾರ್ಲ್ ವಾಗ್ನರ್ ಒದಗಿಸಿದನು. ಜಿರ್ಕೋನಿಯಂ ಅಯಾನಿಗೆ ನಾಲ್ಕು ಧನಾವೇಶಗಳು, ಯಿಟ್ರಿಯಂ ಅಯಾನಿಗೆ ಮೂರು. ಸ್ಫಟಿಕದಲ್ಲಿ ಎರಡು ಜಿರ್ಕೋನಿಯಂ ಅಯಾನುಗಳ ಸ್ಥಾನವನ್ನು ಎರಡು ಯಿಟ್ರಿಯಂ ಅಯಾನುಗಳು ಆಕ್ರಮಿಸಿದರೆ, ಆವೇಶ ಸರಿದೂಗಲು ಒಂದು ಆಮ್ಲಜನಕದ ಸ್ಥಾನ ಬರಿದಾಗುತ್ತದೆ. ಈ ಬರಿದಾದ ಸ್ಥಾನಗಳ ಮೂಲಕ ಆಮ್ಲಜನಕದ ಅಯಾನುಗಳು ಹೆಜ್ಜೆಹೆಜ್ಜೆಯಾಗಿ ಸರಿಯುತ್ತವೆ.

ಜರ್ಮನಿಯ ಬಾಷ್ ಸಂಸ್ಥೆಯು ಇದೇ ಪಿಂಗಾಣಿಯಿಂದ ತಯಾರಿಸಿದ ಸಂವೇದಕವನ್ನು ೧೯೭೬ರಲ್ಲಿ ಉತ್ಪಾದನೆಗೆ ತಂದಿತು. ಸ್ವೀಡನ್ನಿನ ವೋಲ್ವೊ ಸಂಸ್ಥೆಯು ಕ್ಯಾಲಿಫೋರ್ನಿಯಕ್ಕೆಂದು ಸಿದ್ಧಪಡಿಸಿದ ೧೯೭೭ರ ಮಾದರಿಯ ಕಾರುಗಳಲ್ಲಿ ಸಂವೇದಕವೂ ತ್ರಿವಿಧ ಕ್ರಿಯಾವರ್ಧಕವೂ ಮೊದಲ ಬಾರಿಗೆ ಜೊತೆಗೂಡಿದುವು. ಭಾರತದಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕ್ರಿಯಾವರ್ಧಕ ಕಡ್ಡಾಯವಾದುದು ೧೯೯೫ರಲ್ಲಿ, ಅದೂ ಮೊದಲು ನಾಲ್ಕು ಮಹಾನಗರಗಳಲ್ಲಿ. ಸೀಸವು ಕ್ರಿಯಾವರ್ಧಕಕ್ಕೂ ಸಂವೇದಕಕ್ಕೂ ವಿಷವಾದುದರಿಂದ ಸೀಸರಹಿತ ಪೆಟ್ರೋಲು ದೇಶವ್ಯಾಪಿಯಾಗುವವರೆಗೆ, ಎಂದರೆ ೨೦೦೦ದವರೆಗೆ, ಈ ವ್ಯವಸ್ಥೆ ಇಲ್ಲಿ ಬೇರೂರಲು ಆಗಲಿಲ್ಲ. ೨೦೨೦ರ ಏಪ್ರಿಲಿನಲ್ಲಿ ಭಾರತ್ ಆರನೆಯ ಹಂತದ ನಿಯಮಗಳು ಜಾರಿಗೆ ಬಂದ ಮೇಲೆ ಸಾಮಾನ್ಯ ಮೋಟಾರು ಸೈಕಲ್ಲಿನಲ್ಲಿಯೂ ಕಾರ್ಬ್ಯುರೇಟರ್ ಹೋಗಿ ಇಂಧನದ ಸಿಂಪಡಣೆಯೂ ಸಂವೇದಕವೂ ಬಂದಿವೆ.

೪. ಸಂಕೇತ ಹುಟ್ಟುವ ಬಗೆ

ಸಂವೇದಕದ ಮುಖ್ಯಾಂಗವು ಒಂದು ಕಡೆ ಮುಚ್ಚಿದ ಬೆರಳಿನಾಕಾರದ ಜಿರ್ಕೋನಿಯದ ಕೊಳವೆ. ಅದರ ಒಳಗಿನ ಮತ್ತು ಹೊರಗಿನ ಮೈಗಳ ಮೇಲೆ ಪ್ಲಾಟಿನಂ ಲೋಹದ ತೆಳುವಾದ, ಸರಂಧ್ರವಾದ ಲೇಪವಿದೆ. ಹೊರಮೈ ನಿಷ್ಕಾಸ ಅನಿಲಕ್ಕೂ ಒಳಮೈ ಹೊರಗಿನ ಗಾಳಿಗೂ ಒಡ್ಡಿಕೊಂಡಿರುತ್ತದೆ. ಒಳಗೆ ಆಮ್ಲಜನಕದ ಆಂಶಿಕ ಒತ್ತಡ ೦.೨೧ ವಾತಾವರಣ, ಹೊರಗೆ ಅದಕ್ಕಿಂತ ಬಹಳ ಕಡಿಮೆ. ಈ ವ್ಯತ್ಯಾಸದಿಂದ ಅಯಾನುಗಳು ಒಳಗಿನಿಂದ ಹೊರಗೆ ಸರಿಯಲು ತವಕಿಸುತ್ತವೆ. ಅದರ ಫಲವಾಗಿ ಎರಡು ಲೇಪಗಳ ನಡುವೆ ವಿಭವಾಂತರ ಏರ್ಪಡುತ್ತದೆ. ನೆರ್ನ್‌ಸ್ಟ್ ಸಮೀಕರಣದಂತೆ ಈ ವಿಭವಾಂತರವು ನಿರಪೇಕ್ಷ ಉಷ್ಣತೆಗೂ, ಎರಡು ಒತ್ತಡಗಳ ನಿಷ್ಪತ್ತಿಯ ಲಾಗರಿದಮಿಗೂ ಅನುಪಾತದಲ್ಲಿರುತ್ತದೆ. ಆಮ್ಲಜನಕದ ಪ್ರತಿ ಅಣುವಿಗೆ ನಾಲ್ಕು ಇಲೆಕ್ಟ್ರಾನುಗಳ ವಿನಿಮಯವೆಂದು ಎಣಿಸಿದರೆ, ೯೦೦ ಕೆಲ್ವಿನ್ ಉಷ್ಣತೆಯಲ್ಲಿ, ನಿಷ್ಪತ್ತಿಯು ಹತ್ತು ಪಟ್ಟಾದಾಗಲೆಲ್ಲ ವಿಭವಾಂತರ ೦.೦೪೪೬ ವೋಲ್ಟಿನಷ್ಟು ಏರುತ್ತದೆ.

ಮಿಶ್ರಣ ಕೃಶವಾಗಿದ್ದು ನಿಷ್ಕಾಸ ಅನಿಲದಲ್ಲಿ ಶೇಕಡ ೧ರಷ್ಟು ಆಮ್ಲಜನಕ ಉಳಿದಿದೆಯೆನ್ನೋಣ. ಆಗ ನಿಷ್ಪತ್ತಿ ೨೧. ವಿಭವಾಂತರ ಸುಮಾರು ೦.೦೬ ವೋಲ್ಟ್. ಮಿಶ್ರಣ ಪುಷ್ಟವಾದರೆ ಸ್ಥಿತಿಯೇ ಬೇರೆ. ಕಾದ ಪ್ಲಾಟಿನಂ ಸ್ವತಃ ಕ್ರಿಯಾವರ್ಧಕವಾದುದರಿಂದ, ತನ್ನ ಮೈಗೆ ತಾಗಿದ ಅಳಿದುಳಿದ ಆಮ್ಲಜನಕವನ್ನೆಲ್ಲ ಅಲ್ಲಿರುವ ಮಾನಾಕ್ಸೈಡಿನೊಡನೆ ಕೂಡಿಸಿಬಿಡುತ್ತದೆ. ಉಳಿಯುವುದು ರಾಸಾಯನಿಕ ಸಮತೋಲಕ್ಕೆ ಅನುಗುಣವಾದ ಅತ್ಯಲ್ಪ ಆಮ್ಲಜನಕ. ಅದರ ಆಂಶಿಕ ಒತ್ತಡ ೧೦ರ ಋಣ ೨೦ನೆಯ ಘಾತದ ಸುಮಾರಿನದು. ಇದನ್ನು ಸಮೀಕರಣಕ್ಕೆ ಹಾಕಿದರೆ ವಿಭವಾಂತರ ೦.೮೬ ವೋಲ್ಟ್ ಬರುತ್ತದೆ. ಹೀಗೆ ಸಮತುಲಿತ ಬಿಂದುವನ್ನು ಕೂದಲೆಳೆಯಷ್ಟು ದಾಟುವುದರೊಳಗೆ ಒತ್ತಡವು ಹದಿನೆಂಟು ದಶಮಾನಗಳಷ್ಟು ಕುಸಿಯುತ್ತದೆ, ವಿಭವಾಂತರವು ೦.೧ಕ್ಕಿಂತ ಕೆಳಗಿನಿಂದ ೦.೮ಕ್ಕಿಂತ ಮೇಲಕ್ಕೆ ಜಿಗಿಯುತ್ತದೆ. ನಡುವಿನ ೦.೪೫ ವೋಲ್ಟನ್ನು ಗಣಕವು ಗಡಿಯಾಗಿ ಇಟ್ಟುಕೊಂಡಿರುತ್ತದೆ.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದು, ಸಂವೇದಕವು ಇಂಧನವನ್ನು ಅಳೆಯುವುದೇ ಇಲ್ಲ. ಅದು ಬಲ್ಲದ್ದು ಆಮ್ಲಜನಕವನ್ನು ಮಾತ್ರ. ಇಂಧನದ ವಿಷಯವು ನಾವು ಮಾಡಿಕೊಂಡ ಅನುಮಾನ. ಎರಡನೆಯದು, ಅದರ ಮಾತು ನಂಬಿಕೆಗೆ ಅರ್ಹವಾಗುವುದು ಒಂದೇ ಒಂದು ಬಿಂದುವಿನಲ್ಲಿ. ಮಿಶ್ರಣವು ಆ ಬಿಂದುವಿನ ಯಾವ ಪಕ್ಕದಲ್ಲಿದೆ ಎಂಬುದನ್ನು ಅದು ಖಚಿತವಾಗಿ ಹೇಳುತ್ತದೆ. ಎಷ್ಟು ದೂರದಲ್ಲಿದೆ ಎಂಬುದನ್ನು ಹೇಳಲಾರದು.

೫. ತಿದ್ದುವಿಕೆಯ ಆವರ್ತ

ಎಂಜಿನ್ನು ಕಾದು, ಕಾರು ಸಾಧಾರಣ ವೇಗದಲ್ಲಿ ಸಾಗುತ್ತಿರುವಾಗ ಗಣಕವು ಸಂಕೇತವನ್ನು ಅನುಸರಿಸಿ ನಡೆಯುತ್ತದೆ. ಸಂಕೇತ ಗಡಿಗಿಂತ ಮೇಲಿದ್ದರೆ ಇಂಧನವನ್ನು ಮೆಲ್ಲಮೆಲ್ಲನೆ ತಗ್ಗಿಸುತ್ತದೆ. ಸಂಕೇತ ಕೆಳಕ್ಕೆ ಬಿದ್ದೊಡನೆ ಏರಿಸತೊಡಗುತ್ತದೆ. ಹೀಗಾಗಿ ಮಿಶ್ರಣವು ಸಮತುಲಿತ ಬಿಂದುವಿನ ಆಚೀಚೆ ಸೆಕೆಂಡಿಗೆ ಒಂದೆರಡು ಸಲ ತೂಗಾಡುತ್ತಿರುತ್ತದೆ. ಕ್ರಿಯಾವರ್ಧಕದಲ್ಲಿ ಬೆರೆಸಿರುವ ಸೀರಿಯಂ ಆಕ್ಸೈಡು ಕೃಶ ಗಳಿಗೆಯಲ್ಲಿ ಆಮ್ಲಜನಕವನ್ನು ಹೀರಿಟ್ಟುಕೊಂಡು ಪುಷ್ಟ ಗಳಿಗೆಯಲ್ಲಿ ಬಿಟ್ಟುಕೊಡುವುದರಿಂದ ಈ ತೂಗಾಟ ಹಾನಿಕಾರಿಯಲ್ಲ. ಕ್ರಿಯಾವರ್ಧಕದ ಆಚೆಗೆ ಎರಡನೆಯ ಸಂವೇದಕವೊಂದನ್ನು ಇಟ್ಟು, ಈ ಸಂಗ್ರಹಶಕ್ತಿ ಉಳಿದಿದೆಯೇ ಎಂಬುದನ್ನು ಪರೀಕ್ಷಿಸುತ್ತಾರೆ. ಈ ಬಗೆಯ ನಡವಳಿಕೆಗೆ ಸಂವೃತ ನಿಯಂತ್ರಣವೆನ್ನಬಹುದು. ಎಂಜಿನ್ನು ತಣ್ಣಗಿರುವಾಗಲೂ, ಚಾಲಕನು ಕಾಲುತುಳಿಯನ್ನು ಪೂರ್ತಿ ಒತ್ತಿ ಹೆಚ್ಚಿನ ಶಕ್ತಿ ಕೇಳಿದಾಗಲೂ ಮಿಶ್ರಣ ಪುಷ್ಟವಾಗಿರಬೇಕು. ಅಂಥ ವೇಳೆಯಲ್ಲಿ ಈ ಸಾಧಾರಣ ಸಂವೇದಕವನ್ನು ಪಕ್ಕಕ್ಕಿಟ್ಟು, ಗಣಕವು ತನ್ನಲ್ಲಿ ಮೊದಲೇ ಬರೆದಿಟ್ಟ ಕೋಷ್ಟಕವನ್ನು ನೋಡಿ ಇಂಧನವನ್ನು ಸುರಿಸುತ್ತದೆ. ಇದು ವಿವೃತ ನಿಯಂತ್ರಣ.

ಗಣಕಕ್ಕೆ ನೆನಪೂ ಉಂಟು. ಕ್ಷಣಕ್ಷಣದ ತಿದ್ದುಪಡಿಯು ದೀರ್ಘಕಾಲ ಒಂದೇ ದಿಕ್ಕಿಗೆ ವಾಲಿದರೆ ಅದನ್ನು ಶಾಶ್ವತ ತಿದ್ದುಪಡಿಯಾಗಿ ಬರೆದುಕೊಳ್ಳುತ್ತದೆ. ಟ್ಯೂನಿಂಗ್ ಮಾಡುವವರ ಅನೇಕ ಪ್ರಯತ್ನಗಳು ವಿಫಲವಾಗುವುದು ಈ ನೆನಪಿನಿಂದಲೇ. ಇಂಧನದ ಒತ್ತಡವನ್ನು ೩ ಬಾರಿನಿಂದ ೩.೬ ಬಾರಿಗೆ ಏರಿಸಿದರೆಂದು ಇಟ್ಟುಕೊಳ್ಳಿ. ಹರಿವು ಒತ್ತಡದ ವರ್ಗಮೂಲವನ್ನು ಅನುಸರಿಸುವುದರಿಂದ ಇಂಧನವು ಶೇಕಡ ೯.೫ರಷ್ಟು ಹೆಚ್ಚುತ್ತದೆ. ಸಂವೇದಕವು ‘ಆಮ್ಲಜನಕವಿಲ್ಲ’ ಎನ್ನುತ್ತದೆ. ಗಣಕವು ಸಿಂಪಡಣೆಯ ಅವಧಿಯನ್ನು ಶೇಕಡ ೯ರಷ್ಟು ಕತ್ತರಿಸುತ್ತದೆ. ಕೆಲವು ದಿನಗಳಲ್ಲಿ ಅದನ್ನೇ ಬರೆದಿಟ್ಟುಕೊಳ್ಳುತ್ತದೆ. ಬಹಳಷ್ಟು ವಾಹನಗಳಲ್ಲಿ ಈ ಶಾಶ್ವತ ತಿದ್ದುಪಡಿ ವಿವೃತ ನಿಯಂತ್ರಣಕ್ಕೂ ಅನ್ವಯಿಸುವುದರಿಂದ, ಮೊದಲ ದಿನ ಕಂಡ ಹೆಚ್ಚಿನ ಶಕ್ತಿ ತಿಂಗಳ ಕೊನೆಗೆ ಕಾಣದಾಗುತ್ತದೆ. ಮಾಲೀಕನ ಹಣ ಹೋಯಿತು. ಮಿಶ್ರಣ ಮೊದಲಿದ್ದಲ್ಲಿಗೇ ಬಂದಿತು.

೬. ಸಾಕ್ಷಿಯ ಮಾತನ್ನು ತಿರುಚುವುದು

ಗಣಕವು ಹೀಗೆ ಹಟಹಿಡಿಯುವುದನ್ನು ಕಂಡ ಕೆಲವರು ಸಂಕೇತವನ್ನೇ ಬದಲಿಸುವ ಉಪಾಯ ಹೂಡಿದರು. ಸಂವೇದಕಕ್ಕೂ ಗಣಕಕ್ಕೂ ನಡುವೆ ಒಂದು ಚಿಕ್ಕ ಮಂಡಲವನ್ನಿಟ್ಟು, ಬರುವ ಸಂಕೇತಕ್ಕೆ ಒಂದು ನಿಶ್ಚಿತ ವೋಲ್ಟನ್ನು ಕೂಡಿಸುತ್ತಾರೆ. ಗಣಕಕ್ಕೆ ಮಿಶ್ರಣ ಪುಷ್ಟವಾಗಿ ತೋರಿ, ಅದು ಇಂಧನವನ್ನು ತಗ್ಗಿಸುತ್ತದೆ; ಹೀಗೆ ಇಂಧನ ಉಳಿಯುತ್ತದೆ ಎಂಬುದು ಅವರ ವಾದ. ಇದನ್ನು ಮೇಲೆ ಹೇಳಿದ ಸಮೀಕರಣದಿಂದಲೇ ಪರೀಕ್ಷಿಸೋಣ. ಉಷ್ಣತೆ ೯೦೦ ಕೆಲ್ವಿನ್, ಗಡಿ ೦.೪೫ ವೋಲ್ಟ್ ಎಂದಿರಲಿ. ಉಳಿದ ಆಮ್ಲಜನಕದ ಶೇಕಡ ಪ್ರಮಾಣವನ್ನು ೨೧ರಿಂದ ಕಳೆದು, ಬಂದುದರಿಂದ ೨೧ನ್ನು ಭಾಗಿಸಿದರೆ ಲ್ಯಾಮ್ಡಾದ ಸ್ಥೂಲವಾದ ಬೆಲೆ ದೊರೆಯುತ್ತದೆ.

ಕೂಡಿಸಿದುದು ೦.೩೦ ವೋಲ್ಟಾದರೆ, ಸಂವೇದಕದ ನಿಜವಾದ ಸಂಕೇತ ೦.೧೫ ವೋಲ್ಟಿಗೆ ಇಳಿದಾಗ ಗಣಕವು ಗಡಿ ಮುಟ್ಟಿತೆಂದು ತಿಳಿಯುತ್ತದೆ. ಅದಕ್ಕೆ ಸಲ್ಲುವ ಆಮ್ಲಜನಕ ಶೇಕಡ ೦.೦೧ಕ್ಕೂ ಕಡಿಮೆ. ಅಂದರೆ ಲ್ಯಾಮ್ಡಾ ಇನ್ನೂ ೧ರಲ್ಲಿಯೇ ಇದೆ. ಇಷ್ಟು ದೊಡ್ಡ ಸುಳ್ಳಿನಿಂದ ಮಿಶ್ರಣ ಕದಲಲಿಲ್ಲ. ೦.೩೯ ವೋಲ್ಟನ್ನು ಕೂಡಿಸಿದರೆ ಆಮ್ಲಜನಕ ಶೇಕಡ ೧ರ ಹತ್ತಿರ, ಲ್ಯಾಮ್ಡಾ ೧.೦೫. ೦.೪೦ ಕೂಡಿಸಿದರೆ ಆಮ್ಲಜನಕ ಶೇಕಡ ೧.೬, ಲ್ಯಾಮ್ಡಾ ೧.೦೮. ೦.೪೧ ಕೂಡಿಸಿದರೆ ಆಮ್ಲಜನಕ ಶೇಕಡ ೨.೭, ಲ್ಯಾಮ್ಡಾ ೧.೧೫. ಒಂದು ವೋಲ್ಟಿನ ನೂರನೆಯ ಒಂದು ಭಾಗದಷ್ಟು ವ್ಯತ್ಯಾಸಕ್ಕೆ ಮಿಶ್ರಣವು ಮೂರರಿಂದ ಏಳು ಶೇಕಡದಷ್ಟು ಜಾರುತ್ತದೆಂದಾಯಿತು. ಸಂವೇದಕದ ಉಷ್ಣತೆ ಸ್ವಲ್ಪ ಬದಲಾದರೂ, ಅದು ಸ್ವಲ್ಪ ಹಳೆಯದಾದರೂ, ತಂತಿಯ ಕೂಡಿಕೆ ಸ್ವಲ್ಪ ಮಸಿಗಟ್ಟಿದರೂ ನೂರನೆಯ ಒಂದು ಭಾಗದ ವ್ಯತ್ಯಾಸ ಬಂದೇ ಬರುತ್ತದೆ. ಆದುದರಿಂದ ಈ ಉಪಾಯದಿಂದ ಆಗುವುದು ಎರಡರಲ್ಲಿ ಒಂದು: ಏನೂ ಆಗದಿರುವುದು, ಇಲ್ಲವೆ ನಿಯಂತ್ರಣವೇ ಕೈತಪ್ಪಿಹೋಗುವುದು. ನಡುವೆ ನಿಲ್ಲಲು ಸ್ಥಳವಿಲ್ಲ.

ನಿಯಂತ್ರಣ ತಪ್ಪಿದುದರ ಬೆಲೆ ಸಣ್ಣದಲ್ಲ. ಅತಿಯಾಗಿ ಕೃಶವಾದ ಮಿಶ್ರಣವು ಒಮ್ಮೊಮ್ಮೆ ಹೊತ್ತಿಕೊಳ್ಳದೆ ಹೋಗಿ ಎಂಜಿನ್ನು ಎಡವುತ್ತದೆ. ಲ್ಯಾಮ್ಡಾ ೧.೦೫ರಲ್ಲಿ ಎಂಜಿನ್ನು ಸುಗಮವಾಗಿಯೇ ನಡೆದರೂ ಕ್ರಿಯಾವರ್ಧಕದ ಕಿಂಡಿ ಮುಚ್ಚಿಹೋಗಿರುತ್ತದೆ: ಆಮ್ಲಜನಕ ಮಿಕ್ಕಿರುವಾಗ ಸಾರಜನಕದ ಆಕ್ಸೈಡನ್ನು ಒಡೆಯುವ ಕಾರ್ಯ ಬಹುಪಾಲು ನಿಂತುಹೋಗುತ್ತದೆ. ಈ ಅನಿಲವು ಕಣ್ಣಿಗೆ ಕಾಣುವುದಿಲ್ಲ. ನಮ್ಮಲ್ಲಿ ಪೆಟ್ರೋಲ್ ವಾಹನಗಳಿಗೆ ನಡೆಸುವ ಹೊಗೆಪರೀಕ್ಷೆ ಮಾನಾಕ್ಸೈಡನ್ನೂ ಹೈಡ್ರೊಕಾರ್ಬನ್ನನ್ನೂ ಅಳೆಯುತ್ತದೆಯಾದುದರಿಂದ ಅಲ್ಲಿಯೂ ಸಿಕ್ಕಿಬೀಳುವುದಿಲ್ಲ. ಮಾಲೀಕನು ಉಳಿಸಿದೆನೆಂದುಕೊಂಡ ನಾಲ್ಕು ಹನಿ ಇಂಧನದ ಬೆಲೆಯನ್ನು ರಸ್ತೆಯ ಬದಿಯಲ್ಲಿ ಉಸಿರಾಡುವವರು ತೆರುತ್ತಾರೆ.

೭. ಸಾಕ್ಷಿಯೇ ತಪ್ಪುವ ಸಂದರ್ಭಗಳು

ಯಾರೂ ತಿರುಚದೆಯೇ ಸಂಕೇತವು ತಪ್ಪುದಾರಿ ಹಿಡಿಸುವ ಸಂದರ್ಭಗಳೂ ಉಂಟು. ನಾಲ್ಕು ಸಿಲಿಂಡರುಗಳಲ್ಲಿ ಒಂದರ ಕಿಡಿ ನಿಂತುಹೋಯಿತೆನ್ನೋಣ. ಅದರೊಳಗೆ ಹೋದ ವಾಯು ಹಾಗೆಯೇ ಹೊರಬರುತ್ತದೆ. ಒಟ್ಟು ನಿಷ್ಕಾಸದಲ್ಲಿ ಆಮ್ಲಜನಕ ಶೇಕಡ ೫ರವರೆಗೂ ಏರುತ್ತದೆ. ಉರಿಯದ ಇಂಧನವೂ ಜೊತೆಯಲ್ಲಿಯೇ ಇದೆ. ಆದರೆ ಸಂವೇದಕದ ತೆಳುವಾದ ಲೇಪ ಅಷ್ಟನ್ನೂ ಉರಿಸಿ ಲೆಕ್ಕ ಸರಿಪಡಿಸಲಾರದು. ಅದು ‘ಮಿಶ್ರಣ ಕೃಶ’ ಎನ್ನುತ್ತದೆ. ಗಣಕವು ಎಲ್ಲ ಸಿಲಿಂಡರುಗಳಿಗೂ ಇಂಧನವನ್ನು ಹೆಚ್ಚಿಸುತ್ತದೆ. ಆ ಇಂಧನವೂ ಆಮ್ಲಜನಕವೂ ಕ್ರಿಯಾವರ್ಧಕದಲ್ಲಿ ಕೂಡಿ ಉರಿದು, ಅದರ ಪಿಂಗಾಣಿಯ ಜೇನುಗೂಡನ್ನೇ ಕರಗಿಸಬಹುದು. ಸಂವೇದಕಕ್ಕೆ ಮುಂಚಿನ ನಳಿಗೆಯಲ್ಲಿ ಸಣ್ಣ ಬಿರುಕಿದ್ದು ಹೊರಗಿನ ಗಾಳಿ ಒಳಸೇರಿದರೂ ಇದೇ ಭ್ರಮೆ ಹುಟ್ಟುತ್ತದೆ. ಇಂಥ ವಾಹನದಲ್ಲಿ ದೋಷವನ್ನು ಹುಡುಕದೆ ಇಂಧನದ ಕೋಷ್ಟಕವನ್ನು ತಿದ್ದುವುದು ರೋಗಿಯನ್ನು ಬಿಟ್ಟು ಉಷ್ಣಮಾಪಕಕ್ಕೆ ಮದ್ದು ಮಾಡಿದಂತೆ.

ಪೂರ್ಣ ಶಕ್ತಿಯ ಹೊಂದಾಣಿಕೆಗೆ ಸಾಧಾರಣ ಸಂವೇದಕವನ್ನು ಬಳಸುವುದು ಇನ್ನೊಂದು ತಪ್ಪು. ಸಂಕೇತ ೦.೮೮ ವೋಲ್ಟಾದರೆ ಇಷ್ಟು ಪುಷ್ಟ, ೦.೯೨ ಆದರೆ ಇಷ್ಟು ಪುಷ್ಟ ಎಂದು ಓದುವ ರೂಢಿ ಒಂದು ಕಾಲದಲ್ಲಿ ಬಹಳವಾಗಿತ್ತು. ಮಾನಾಕ್ಸೈಡಿನ ಸಮತೋಲಾಂಕದಿಂದ ಲೆಕ್ಕಹಾಕಿದರೆ, ಡೈಆಕ್ಸೈಡು ಮಾನಾಕ್ಸೈಡಿನ ಮೂರರಷ್ಟಿರುವ ಪುಷ್ಟ ಅನಿಲದಲ್ಲಿ ೯೦೦ ಕೆಲ್ವಿನ್ನಿನ ಸಂವೇದಕವು ಸುಮಾರು ೦.೯೯ ವೋಲ್ಟನ್ನೂ, ೧,೧೦೦ ಕೆಲ್ವಿನ್ನಿನದು ಸುಮಾರು ೦.೮೮ ವೋಲ್ಟನ್ನೂ ಕೊಡಬೇಕು. ಆದರೆ ೯೦೦ ಕೆಲ್ವಿನ್ನಿನಲ್ಲಿಯೇ ಈ ನಿಷ್ಪತ್ತಿ ಮೂರರಿಂದ ಆರಕ್ಕೆ ಬದಲಾದರೆ ಆಗುವ ವ್ಯತ್ಯಾಸ ೦.೦೩ ವೋಲ್ಟು ಮಾತ್ರ. ಕಾಲುತುಳಿಯನ್ನು ಪೂರ್ತಿ ಒತ್ತಿದಾಗ ಅನಿಲದ ಉಷ್ಣತೆ ನೂರಾರು ಡಿಗ್ರಿ ಏರುತ್ತದೆ. ಆಗ ಈ ಮಾಪಕವನ್ನು ನೋಡುವವನು ಓದುತ್ತಿರುವುದು ಮಿಶ್ರಣವನ್ನಲ್ಲ, ಸಂವೇದಕದ ಉಷ್ಣತೆಯನ್ನು. ಮಿಶ್ರಣ ಪುಷ್ಟವಾಗಿದೆಯೆಂದು ನಂಬಿ ಇಂಧನವನ್ನು ತಗ್ಗಿಸಿದರೆ, ತುಂಬು ಹೊರೆಯಲ್ಲಿ ಬಡಿತ ಹುಟ್ಟಿ ಪಿಸ್ಟನ್ನಿನ ತಲೆ ಕರಗುವುದೂ ಉಂಟು.

೮. ವಿಶಾಲವ್ಯಾಪ್ತಿಯ ಸಂವೇದಕವೂ ಎಥನಾಲೂ

‘ಎಷ್ಟು ದೂರ’ ಎಂಬ ಪ್ರಶ್ನೆಗೆ ಉತ್ತರ ಕೊಡಬಲ್ಲ ವಿಶಾಲವ್ಯಾಪ್ತಿಯ ಸಂವೇದಕಗಳು ೧೯೯೦ರ ದಶಕದಿಂದ ಬಳಕೆಗೆ ಬಂದುವು. ಇವುಗಳಲ್ಲಿ ಒಂದು ಚಿಕ್ಕ ಕೋಣೆಯಿದ್ದು, ನಿಷ್ಕಾಸ ಅನಿಲವು ಅದರೊಳಕ್ಕೆ ಸೂಕ್ಷ್ಮ ರಂಧ್ರದ ಮೂಲಕ ವ್ಯಾಪಿಸುತ್ತದೆ. ಕೋಣೆಯ ಒಂದು ಗೋಡೆ ಮೇಲೆ ವಿವರಿಸಿದ ಬಗೆಯ ಕೋಶ. ಇನ್ನೊಂದು ಗೋಡೆ ಆಮ್ಲಜನಕವನ್ನು ಸಾಗಿಸುವ ಪಂಪು. ಕೋಶದ ವಿಭವಾಂತರ ಸದಾ ೦.೪೫ ವೋಲ್ಟಿನಲ್ಲಿ ನಿಲ್ಲುವಂತೆ ಪಂಪು ಆಮ್ಲಜನಕವನ್ನು ಹೊರಕ್ಕೋ ಒಳಕ್ಕೋ ಸಾಗಿಸುತ್ತದೆ. ಅದಕ್ಕೆ ಬೇಕಾದ ವಿದ್ಯುತ್ಪ್ರವಾಹವೇ ಅಳತೆ. ಪ್ರವಾಹ ಸೊನ್ನೆಯಾದರೆ ಲ್ಯಾಮ್ಡಾ ೧. ಅದರ ದಿಕ್ಕಿನಿಂದ ಪುಷ್ಟವೋ ಕೃಶವೋ, ಪರಿಮಾಣದಿಂದ ಎಷ್ಟು ಎಂಬುದು ತಿಳಿಯುತ್ತದೆ. ಹೀಗೆ, ಸಾಕ್ಷಿಗೆ ಖಚಿತವಾಗಿ ಗೊತ್ತಿರುವ ಒಂದು ಬಿಂದುವನ್ನೇ ಆಧಾರವಾಗಿಟ್ಟುಕೊಂಡು ಉಳಿದುದನ್ನು ಅಳೆಯುವ ಈ ಯುಕ್ತಿ ಮೆಚ್ಚತಕ್ಕದ್ದು. ಆದರೂ ಕಿಡಿ ತಪ್ಪಿದಾಗ, ನಳಿಗೆ ಸೋರಿದಾಗ ಇದೂ ಸಾಧಾರಣ ಸಂವೇದಕದಂತೆಯೇ ಮೋಸಹೋಗುತ್ತದೆ.

ಇದರ ಮಾಪಕವನ್ನು ಓದುವಲ್ಲಿಯೂ ಒಂದು ಎಚ್ಚರ ಬೇಕು. ಭಾರತದಲ್ಲಿ ಶೇಕಡ ೨೦ ಎಥನಾಲ್ ಬೆರೆಸಿದ ಪೆಟ್ರೋಲನ್ನು ೨೦೨೩ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. ಎಥನಾಲಿನ ಅಣುವಿನಲ್ಲಿಯೇ ಆಮ್ಲಜನಕವಿರುವುದರಿಂದ ಅದಕ್ಕೆ ಬೇಕಾಗುವ ವಾಯು ಕಡಿಮೆ: ೪೬ ಗ್ರಾಮಿಗೆ ೯೬ ಗ್ರಾಂ ಆಮ್ಲಜನಕ, ಅಂದರೆ ಒಂದು ಪಾಲಿಗೆ ೯ ಪಾಲು ವಾಯು. ಬೆರಕೆಯ ಇಂಧನದ ಸಮತುಲಿತ ಪ್ರಮಾಣವನ್ನು ಲೆಕ್ಕಹಾಕಿದರೆ ಸುಮಾರು ೧೩.೫ ಬರುತ್ತದೆ. ಸಂವೃತ ನಿಯಂತ್ರಣದ ವಾಹನವು ಶುದ್ಧ ಪೆಟ್ರೋಲಿಗಿಂತ ಶೇಕಡ ೭–೮ರಷ್ಟು ಹೆಚ್ಚು ಪರಿಮಾಣವನ್ನು ಸುರಿಸಿ ಇದನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಆದರೆ ಮಾಪಕವು ಅಳೆಯುವುದು ಲ್ಯಾಮ್ಡಾವನ್ನು, ಅದನ್ನು ೧೪.೭ರಿಂದ ಗುಣಿಸಿ ವಾಯು–ಇಂಧನ ಪ್ರಮಾಣವೆಂದು ತೋರಿಸುತ್ತದೆ. ಆದುದರಿಂದ ಬೆರಕೆಯ ಇಂಧನದಲ್ಲಿಯೂ ಸಮತುಲಿತ ಮಿಶ್ರಣಕ್ಕೆ ಅದು ೧೪.೭ ಎಂದೇ ತೋರಿಸುವುದು. ಇದನ್ನರಿಯದವನು ‘ಈ ಇಂಧನಕ್ಕೆ ೧೩.೫ ಸರಿ’ ಎಂದು ಮಾಪಕವು ೧೩.೫ ತೋರುವವರೆಗೆ ತಿದ್ದಿದರೆ ಲ್ಯಾಮ್ಡಾ ೦.೯೨ಕ್ಕೆ ಇಳಿದು, ಇಂಧನ ಶೇಕಡ ೯ರಷ್ಟು ವ್ಯರ್ಥವಾಗುತ್ತದೆ. ಪ್ರಮಾಣದ ಸಂಖ್ಯೆಯನ್ನು ಮರೆತು ಲ್ಯಾಮ್ಡಾವನ್ನೇ ಓದುವ ಅಭ್ಯಾಸ ಎಲ್ಲ ಇಂಧನಗಳಿಗೂ ಕ್ಷೇಮಕರ.

೯. ಉಪಸಂಹಾರ

ಇಂಧನದ ಮರುಹೊಂದಾಣಿಕೆಯೆಲ್ಲ ತಪ್ಪೆಂದು ಈ ವಿವೇಚನೆಯ ತಾತ್ಪರ್ಯವಲ್ಲ. ಸ್ಪರ್ಧೆಯ ಅಂಗಳಕ್ಕೆ ಮೀಸಲಾದ ವಾಹನಗಳಲ್ಲಿ, ಮಾರ್ಪಡಿಸಿದ ಎಂಜಿನ್ನುಗಳಲ್ಲಿ ಅದು ಅಗತ್ಯವೇ. ಸಾರ್ವಜನಿಕ ರಸ್ತೆಯ ವಾಹನದಲ್ಲಿಯಾದರೆ, ನೋಂದಣಿ ಪತ್ರದ ವಿವರಗಳಿಗೆ ವ್ಯತ್ಯಾಸ ಬರುವಂಥ ಮಾರ್ಪಾಟನ್ನು ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಪ್ರಕರಣ ನಿರ್ಬಂಧಿಸುತ್ತದೆಂಬುದನ್ನೂ ನೆನೆಯಬೇಕು. ಮಾಡುವ ಕೆಲಸಕ್ಕೆ ಕ್ರಮವೊಂದಿದೆ. ಮೊದಲು ಕಿಡಿ, ಸೋರಿಕೆ ಮುಂತಾದ ದೋಷಗಳನ್ನು ನಿವಾರಿಸಬೇಕು. ಬಳಿಕ ಗಣಕದ ಶಾಶ್ವತ ತಿದ್ದುಪಡಿ ಸೊನ್ನೆಯ ಹತ್ತಿರ ನಿಲ್ಲುವಂತೆ ಮೂಲ ಕೋಷ್ಟಕವನ್ನೇ ತಿದ್ದಬೇಕು. ಸಂವೃತ ನಿಯಂತ್ರಣದ ಪ್ರದೇಶವನ್ನು ಮುಟ್ಟದೆ, ತುಂಬು ಹೊರೆಯ ಮಿಶ್ರಣವನ್ನು ಮಾತ್ರ ವಿಶಾಲವ್ಯಾಪ್ತಿಯ ಸಂವೇದಕದಿಂದ ಅಳೆದು ನಿರ್ಧರಿಸಬೇಕು. ಸಂವೇದಕದ ಸಂಕೇತವನ್ನು ಯಾವ ಹಂತದಲ್ಲಿಯೂ ತಿರುಚಬಾರದು.

ಕಾಲೇಜಿನ ಪ್ರಯೋಗಶಾಲೆಗಳಲ್ಲಿ ಈ ವಿಷಯವನ್ನು ಕಡಿಮೆ ವೆಚ್ಚದಲ್ಲಿ ತೋರಿಸಬಹುದು. ವಾಹನದಿಂದ ಬಿಚ್ಚಿದ, ಆದರೆ ಕೆಡದಿರುವ ಸಾಧಾರಣ ಸಂವೇದಕವೊಂದನ್ನು ಭದ್ರವಾಗಿ ಹಿಡಿದು, ಅದರ ತುದಿಯನ್ನು ಬನ್ಸೆನ್ ದೀಪದ ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ, ಹತ್ತು ಮೆಗ್‌ಓಮ್ ರೋಧವುಳ್ಳ ವೋಲ್ಟ್‌ಮಾಪಕವನ್ನು ಜೋಡಿಸಬೇಕು. ಆಮ್ಲಜನಕವಿಲ್ಲದ ಒಳಜ್ವಾಲೆಯಲ್ಲಿ ಮುಳ್ಳು ೦.೮ರ ಮೇಲಕ್ಕೆ ಏರುವುದನ್ನೂ, ತುದಿಯು ಕೆಂಪಗಿರುವಾಗಲೇ ಜ್ವಾಲೆಯಿಂದ ಹೊರತೆಗೆದರೆ ಕ್ಷಣದಲ್ಲಿ ಸೊನ್ನೆಯತ್ತ ಬೀಳುವುದನ್ನೂ, ಅದು ತಣ್ಣಗಾದ ಮೇಲೆ ಯಾವ ಸಂಕೇತವೂ ನಂಬಲರ್ಹವಲ್ಲವೆಂಬುದನ್ನೂ ವಿದ್ಯಾರ್ಥಿಗಳು ಕಣ್ಣಾರೆ ಕಾಣಬಹುದು. ೧೮೮೯ರ ಸಮೀಕರಣವೊಂದು ತಾವು ಏರಿ ಬಂದ ವಾಹನದಲ್ಲಿ ಪ್ರತಿ ಸೆಕೆಂಡೂ ಕೆಲಸಮಾಡುತ್ತಿದೆಯೆಂಬುದು ಅವರಿಗೆ ಆಗ ಮನದಟ್ಟಾಗುತ್ತದೆ. ಮಾಪಕದ ಮೇಲಿನ ಸಂಖ್ಯೆಯನ್ನು ನಂಬುವ ಮೊದಲು ಆ ಸಂಖ್ಯೆ ಯಾವುದರ ಅಳತೆ ಎಂದು ಕೇಳುವ ಅಭ್ಯಾಸವನ್ನು ಇದರಿಂದ ಅವರು ಕಲಿತರೆ, ಪ್ರಯೋಗದ ಉದ್ದೇಶ ನೆರವೇರಿದಂತೆಯೇ ಸರಿ.